ಅರ್ಧಕ್ಕೆ ನಿಂತ ಹೊಲಿಗೆಗಳ ಅಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸೈಕಲ್ ರಿಪೇರಿ ಅಂಗಡಿಯ ಹಿಂದಿರುವ ಪುಟ್ಟ ಮನೆಯಲ್ಲಿ ಅಡುಗೆಮನೆಯ ದೀಪವೊಂದೇ ಉರಿಯುತ್ತಿದೆ. ಊಟದ ಮೇಜನ್ನು ಕಿಟಕಿ ಪಕ್ಕಕ್ಕೆ ಎಳೆದು, ಅದರ ತುಂಬ ಒಂದು ಕೌದಿ ಹಾಸಿಕೊಂಡು, ಅಕ್ಕ ಅದರ ಮೇಲೆ ಎಡಗೈ ಆಡಿಸುತ್ತಿದ್ದಾರೆ. ಬಲಗೈ ಮೊಣಕೈವರೆಗೆ ಪ್ಲಾಸ್ಟರಿನಲ್ಲಿದ್ದು, ಕುತ್ತಿಗೆಗೆ ಕಟ್ಟಿದ ಜೋಲಿಯಲ್ಲಿ ಕೂತಿದೆ. ಬೆರಳ ತುದಿಗೆ ಏನೋ ತಾಗುತ್ತದೆ. ಬಗ್ಗಿ ನೋಡುತ್ತಾರೆ, ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿಯನ್ನು ಅಲ್ಲಿ ಚುಚ್ಚುತ್ತಾರೆ.

‘ಇಲ್ಲಿ ದಾರ ಸಡಿಲ ಬಿಟ್ಟಿದ್ದಾರೆ. ಬಂದಾಗ ಹೇಳ್ಬೇಕು’ ಎನ್ನುತ್ತಾರೆ, ತಮಗೆ ತಾವೇ.

ಹಿಂದಿನ ಬಾಗಿಲು ಕಿರ್ರೆನ್ನುತ್ತದೆ. ಬ್ರೆಡ್ ಕಾರ್ಖಾನೆಯ ರಾತ್ರಿ ಪಾಳಿ ಮುಗಿಸಿ ಅಕ್ಕನ ಯಜಮಾನರು ಬರುತ್ತಾರೆ. ಹುಬ್ಬಿನ ಮೇಲೆ ಇನ್ನೂ ಹಿಟ್ಟು. ಬಿಸಿ ಬ್ರೆಡ್ಡಿನ ಪೊಟ್ಟಣ ಇಡಲು ಜಾಗ ಹುಡುಕುತ್ತಾರೆ.

‘ರೀ, ಅಲ್ಲಿಡಬೇಡಿ, ಕೌದಿಗೆ ಜಿಡ್ಡು ಹತ್ತುತ್ತೆ.’

‘ಕುರ್ಚಿ ಮೇಲೆ ಇಡ್ಲಾ?’

‘ಅಲ್ಲಿ ನರ್ಸಮ್ಮನ ಕೌದಿ ಇದೆ.’

‘ಮಂಚದ ಮೇಲೆ?’

‘ಅಲ್ಲಿ ಪರದೆಗಳಿವೆ.’

‘ಹಂಗಾದ್ರೆ ಕೈಯಲ್ಲೇ ಹಿಡ್ಕೊಂಡು ನಿಂತಿರ್ತೀನಿ ಬಿಡು’ ಎನ್ನುತ್ತಾರೆ ಅವರು. ಮೂವತ್ತು ವರ್ಷ ಸಂಸಾರ ಮಾಡಿದ ಗಂಡಸಿನ ದನಿಯಲ್ಲಿ ದೂರೂ ಇಲ್ಲ, ಆಶ್ಚರ್ಯವೂ ಇಲ್ಲ. ಡಿಸೆಂಬರ್ ತಿಂಗಳಲ್ಲಿ ಈ ಮನೆಯಲ್ಲಿ ಮಲಗಬೇಕೆಂದರೆ ಮೊದಲು ಹಾಸಿಗೆ ಎಲ್ಲಿದೆ ಎಂದು ಹುಡುಕಬೇಕು, ಅದು ಅವರಿಗೆ ರೂಢಿಯಾಗಿದೆ.

ಕ್ರಿಸ್‌ಮಸ್ಸಿಗೆ ಇನ್ನು ಬೆರಳೆಣಿಕೆಯ ದಿನ. ಬೇರೆಯವರು ಆಸೆಪಟ್ಟು ಶುರುಮಾಡಿ, ಬೇಸತ್ತೋ ಕಾಯಿಲೆ ಬಿದ್ದೋ ಬಿಡುವಿಲ್ಲದೆಯೋ ಅರ್ಧಕ್ಕೆ ಬಿಟ್ಟ ಹೊಲಿಗೆಗಳನ್ನು ಮುಗಿಸಿಕೊಡುವುದು ಈ ಅಕ್ಕನ ಕೆಲಸ. ಯಾರದೋ ಕೌದಿ, ಯಾರದೋ ಮೇಜುಬಟ್ಟೆ, ಒಂದೇ ತೋಳಿರುವ ಮಗುವಿನ ಅಂಗಿ, ಕಿವಿಯಿಲ್ಲದ ಬಟ್ಟೆಯ ಮೊಲ. ವರ್ಷವಿಡೀ ಕಪಾಟಿನಲ್ಲಿ ಮಲಗಿದ್ದವುಗಳ ನೆನಪು ಜನಕ್ಕೆ ನವೆಂಬರಿನಲ್ಲಿ ಬರುತ್ತದೆ. ಹಬ್ಬಕ್ಕೆ ಉಡುಗೊರೆ ಕೊಡಬೇಕಲ್ಲ! ಗಂಟು ಕಟ್ಟಿಕೊಂಡು ಈ ಬಾಗಿಲಿಗೆ ಬರುತ್ತಾರೆ. ಅಕ್ಕನ ನಿಜವಾದ ಹೆಸರು ಅಂಚೆಯವನಿಗೆ ಬಿಟ್ಟರೆ ಇನ್ಯಾರಿಗೂ ಬೇಕಾಗಿಲ್ಲ. ಎಲ್ಲರಿಗೂ ಅವರು ‘ಮುಗಿಸೋ ಅಕ್ಕ’.

ಈ ಕೆಲಸಕ್ಕೆ ಬರುವ ಮುಂಚೆ ಅಕ್ಕ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿದ್ದರು. ಉದ್ದನೆಯ ಹಾಲಿನಲ್ಲಿ ಸಾಲುಸಾಲು ಮಷೀನುಗಳು. ಒಬ್ಬರಿಗೆ ಕಾಲರ್, ಒಬ್ಬರಿಗೆ ಕಾಜ, ಒಬ್ಬರಿಗೆ ಜೇಬು. ಅಕ್ಕನ ಪಾಲಿಗೆ ಬಂದದ್ದು ಎಡತೋಳು.

‘ಹತ್ತೊಂಬತ್ತು ವರ್ಷ ಎಡತೋಳು ಮಾತ್ರ ಹೊಲಿದೆ’ ಎನ್ನುತ್ತಾರೆ. ‘ಬಲತೋಳು ಹೊಲೀತಿದ್ದವಳು ನನ್ನ ಪಕ್ಕದಲ್ಲೇ ಕೂತಿರ್ತಿದ್ಲು. ಒಂದು ಅಂಗಿ ಪೂರ್ತಿ ಆಗಿ ಮಡಿಚಿ ಡಬ್ಬಕ್ಕೆ ಹೋಗೋದನ್ನ ನಾವಿಬ್ರೂ ಒಂದಿನಾನೂ ನೋಡ್ಲಿಲ್ಲ. ಅದು ಬೇರೆ ಕಟ್ಟಡ. ಬಸ್ಸಲ್ಲಿ ಯಾರಾದ್ರೂ ಅಂಗಿ ಹಾಕ್ಕೊಂಡು ಎದುರಿಗೆ ನಿಂತ್ರೆ ನನ್ನ ಕಣ್ಣು ನೇರ ಎಡತೋಳಿಗೆ ಹೋಗೋದು. ಜನ ಏನಂದ್ಕೊಂಡ್ರೋ!’

ಒಂದು ದಿನ ಬೆಳಿಗ್ಗೆ ಹೋದಾಗ ಕಾರ್ಖಾನೆಯ ಗೇಟಿಗೆ ಬೀಗ ಬಿದ್ದಿತ್ತು. ಮನೆಯಲ್ಲಿ ಕೈಕಟ್ಟಿ ಕೂತ ಆ ದಿನಗಳಲ್ಲೇ ಪಕ್ಕದ ಮನೆಯ ಅಜ್ಜಿ ತೀರಿಕೊಂಡರು. ಅವರ ಸೊಸೆ ಕೋಣೆ ಖಾಲಿ ಮಾಡುವಾಗ ಒಂದು ಅರೆಬರೆ ಕೌದಿಯನ್ನು ಕಸದ ಚೀಲದ ಪಕ್ಕ ಇಟ್ಟದ್ದು ಅಕ್ಕನ ಕಣ್ಣಿಗೆ ಬಿತ್ತು. ಕೇಳಿ ಈಸಿಕೊಂಡರು. ಒಂದೂವರೆ ತಿಂಗಳು ಕೂತು ಮುಗಿಸಿದರು. ಕೊಂಡುಹೋಗಿ ಕೊಟ್ಟಾಗ ಆ ಸೊಸೆ ಕೌದಿಯನ್ನು ತಿರುವಿ ಮುರುವಿ ನೋಡಿ, ‘ಅತ್ತೆ ಎಲ್ಲಿವರೆಗೆ ಹೊಲಿದಿದ್ರು?’ ಎಂದು ಕೇಳಿದಳಂತೆ. ಅಕ್ಕ ಹೇಳಲಿಲ್ಲ. ‘ಗೊತ್ತಾಗ್ಲಿಲ್ಲ ಅಲ್ವಾ? ಸಾಕು’ ಅಂದುಕೊಂಡು ಮನೆಗೆ ಬಂದರಂತೆ.

ಅಲ್ಲಿಂದ ಮುಂದೆ ಅದೇ ಅವರ ಕಟ್ಟುನಿಟ್ಟು. ಗಂಟು ಬಿಚ್ಚಿದ ಕೂಡಲೇ ಸೂಜಿ ಹಿಡಿಯುವುದಿಲ್ಲ. ಶುರುಮಾಡಿದವರ ಕೈ ಹೇಗಿತ್ತು ಎಂದು ಮೊದಲು ನೋಡುತ್ತಾರೆ. ಕೆಲವರದು ಅಕ್ಕಿಕಾಳಿನಂಥ ಸಣ್ಣ ಹೊಲಿಗೆ, ಕೆಲವರದು ದಾಪುಗಾಲು. ಕೆಲವರು ದಾರ ಬಿಗಿದು ಎಳೆಯುತ್ತಾರೆ, ಬಟ್ಟೆ ಮುಖ ಗಂಟಿಕ್ಕಿಕೊಂಡಿರುತ್ತದೆ. ಬೇರೊಂದು ಚಿಂದಿಯ ಮೇಲೆ ಆ ಕೈಯನ್ನು ಅಭ್ಯಾಸ ಮಾಡಿಕೊಂಡೇ ಅಕ್ಕ ಕೆಲಸಕ್ಕಿಳಿಯುವುದು. ಸೊಟ್ಟಗೆ ಹೊಲಿದವರದನ್ನು ಸೊಟ್ಟಗೇ ಮುಂದುವರಿಸುತ್ತಾರೆ. ‘ಅವರು ಬಿಟ್ಟಿದ್ದೆಲ್ಲಿ, ನಾನು ಹಿಡಿದಿದ್ದೆಲ್ಲಿ ಅಂತ ಗೊತ್ತಾಗಬಾರದು. ಗೊತ್ತಾದ್ರೆ ಅದು ತೇಪೆ ಹಾಕಿದ ಹಾಗೆ.’

ಇಷ್ಟು ವರ್ಷ ಒಂದು ಗಂಟನ್ನೂ ಮುಗಿಸದೆ ವಾಪಸು ಕೊಟ್ಟವರಲ್ಲ. ಈ ಸಲ ಆ ಗತಿಯೂ ಬಂತು.

ಡಿಸೆಂಬರ್ ಶುರುವಿನಲ್ಲಿ, ಅಟ್ಟದ ಮೇಲಿದ್ದ ಗಂಟೊಂದನ್ನು ಇಳಿಸಲು ಸ್ಟೂಲ್ ಹತ್ತಿದ್ದರು. ಸ್ಟೂಲ್ ವಾಲಿತು. ಬಿದ್ದದ್ದು ಬಲಗೈ ಮೇಲೆ. ಮಣಿಕಟ್ಟಿನ ಎಲುಬು ಮುರಿದಿತ್ತು. ಹಬ್ಬ ಕಳೆದು ಹೊಸ ವರ್ಷ ಬಂದರೂ ಆ ಕೈಯಲ್ಲಿ ಒಂದು ಲೋಟವನ್ನೂ ಎತ್ತಕೂಡದು ಎಂದು ಡಾಕ್ಟರು ಹೇಳಿ ಕಳಿಸಿದರು.

‘ಎರಡು ದಿನ ಮಾತೇ ಆಡ್ಲಿಲ್ಲ ಇವಳು’ ಎನ್ನುತ್ತಾರೆ ಯಜಮಾನರು. ‘ಬೈದಿದ್ರೆ ನನಗೆ ಸಮಾಧಾನ ಆಗೋದು. ಸುಮ್ನೆ ಗಂಟುಗಳನ್ನ ನೋಡ್ತಾ ಕೂತಿರೋಳು. ಆ ಗಂಟುಗಳೂ ಇವಳನ್ನ ನೋಡ್ತಾ ಕೂತಿದ್ವು.’

ಮೂರನೆಯ ದಿನ ಅಕ್ಕ ಫೋನ್ ಹಿಡಿದರು. ಒಬ್ಬೊಬ್ಬರಿಗೂ ಹೇಳಿದ್ದು ಒಂದೇ ಮಾತು. ಕೈ ಮುರಿದಿದೆ, ದಯವಿಟ್ಟು ಬಂದು ತಗೊಂಡು ಹೋಗಿ, ಬೇಜಾರು ಮಾಡ್ಕೋಬೇಡಿ.

ಮೊದಲು ಬಂದವರು ನಿವೃತ್ತ ಬಸ್ ಕಂಡಕ್ಟರ್. ಅವರು ತಂದುಕೊಟ್ಟಿದ್ದು ಹೆಂಡತಿ ಶುರುಮಾಡಿದ್ದ ಕೌದಿ. ಹಬ್ಬಕ್ಕೆ ಬರುವ ಮೊಮ್ಮಗಳಿಗೆಂದು, ಹಳದಿ ನೀಲಿ ಚೌಕಗಳನ್ನು ಕೂಡಿಸಿ ಆ ತಾಯಿ ಅರ್ಧಕ್ಕೂ ಹೆಚ್ಚು ಹೊಲಿದಿದ್ದರು. ಅಷ್ಟರಲ್ಲಿ ಪಾರ್ಶ್ವವಾಯು ಹೊಡೆಯಿತು. ಬಲಭಾಗ ಬಿದ್ದುಹೋಯಿತು. ಜೊತೆಗೆ ಮಾತೂ ನಿಂತಿತು. ಬೇಕಾದದ್ದಕ್ಕೆ ಗೋಣು ಆಡಿಸುತ್ತಾರೆ, ಬೇಡದ್ದಕ್ಕೆ ಕಣ್ಣು ಮುಚ್ಚುತ್ತಾರೆ. ಬೇಸಿಗೆಯಿಂದ ಆ ಮನೆಯಲ್ಲಿ ಮಾತೆಂದರೆ ಕಂಡಕ್ಟರದೊಂದೇ.

ಅಂದು ಬಾಗಿಲಲ್ಲಿ ನಿಂತ ಅವರು ಗಂಟನ್ನು ಎತ್ತಿಕೊಂಡರು, ಹೊರಡಲಿಲ್ಲ.

‘ಇದನ್ನ ವಾಪಸ್ ತಗೊಂಡು ಹೋಗಿ ಏನ್ಮಾಡ್ಲಿ ಅಕ್ಕಾ? ಅವಳ ಕಣ್ಣೆದುರಿಗೆ ಇಡೋಕಾಗಲ್ಲ. ಬಚ್ಚಿಡೋಕೂ ಆಗಲ್ಲ.’

ಅಕ್ಕ ಜೋಲಿಯಲ್ಲಿದ್ದ ತಮ್ಮ ಕೈ ನೋಡಿಕೊಂಡರು.

‘ನೀವು ಹೇಳ್ಕೊಡಿ, ನಾನು ಹೊಲೀತೀನಿ’ ಎಂದರು ಕಂಡಕ್ಟರ್.

‘ನಿಮಗೆ ಸೂಜಿ ಹಿಡಿದು ಗೊತ್ತಾ ಅಣ್ಣಾ?’

‘ಟಿಕೆಟ್ ಹರಿದು ಗೊತ್ತು.’

‘ಹರಿಯೋದು ಬೇಡ ನಮಗೆ’ ಎಂದರು ಅಕ್ಕ. ಬಿದ್ದ ಮೇಲೆ ಅವರು ನಕ್ಕದ್ದು ಅದೇ ಮೊದಲು ಎಂದು ಯಜಮಾನರು ನೆನೆಸಿಕೊಳ್ಳುತ್ತಾರೆ. ಆಮೇಲೆ ಅಕ್ಕ ಒಂದು ಷರತ್ತು ಹಾಕಿದರು. ‘ಕದ್ದುಮುಚ್ಚಿ ಮಾಡೋದು ಬೇಡ. ಅಮ್ಮನ್ನೂ ಕರ್ಕೊಂಡು ಬನ್ನಿ. ಕೌದಿ ಅವರದು. ಅವರೂ ಇಲ್ಲೇ ಕೂತಿರಲಿ.’

ಮರುದಿನ ಗಾಲಿಕುರ್ಚಿಯನ್ನು ಹಿಂದಿನ ಬಾಗಿಲಿಂದ ಒಳಗೆ ತಂದರು. ಮೇಜಿನ ಒಂದು ತುದಿಗೆ ಆ ತಾಯಿ, ಇನ್ನೊಂದು ತುದಿಗೆ ಜೋಲಿ ಕಟ್ಟಿಕೊಂಡ ಅಕ್ಕ, ನಡುವೆ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡ ಕಂಡಕ್ಟರ್. ದಾರ ಪೋಣಿಸುವುದರಲ್ಲೇ ಅವರಿಗೆ ಬೆವರು ಕಿತ್ತುಕೊಂಡು ಬಂತು. ಅಕ್ಕ ಬಾಯಲ್ಲೇ ಹೊಲಿಸಿದರು. ಇಲ್ಲಿ ಚುಚ್ಚಿ, ಅಲ್ಲಿ ತೆಗೀರಿ, ಅಷ್ಟು ಎಳೀಬೇಡಿ, ಅದೇನು ಬಸ್ಸಿನ ಗಂಟೆಯ ಹಗ್ಗ ಅಲ್ಲ.

ಹೆಂಡತಿ ಮೊದಲ ದಿನ ಕಿಟಕಿಯ ಕಡೆ ನೋಡುತ್ತಿದ್ದರು. ಎರಡನೆಯ ದಿನವೂ ಹಾಗೇ. ಮೂರನೆಯ ದಿನ ಅವರ ಕಣ್ಣು ಮೇಜಿಗೆ ಬಂತು. ಗಂಡ ಹೆಮ್ಮೆಯಿಂದ ಒಂದು ಸಾಲು ಮುಗಿಸಿ, ಕೌದಿಯ ಅಂಚನ್ನು ಅವರ ಮುಂದೆ ಹಿಡಿದರು. ಸಾಲು ಹಾವು ಹರಿದಂತೆ ಹೋಗಿತ್ತು. ಆ ತಾಯಿ ಎಡಗೈ ಚಾಚಿ, ಹೊಲಿಗೆಯ ಮೇಲೆ ಬೆರಳಿಟ್ಟರು. ಬಾಯಿ ಎರಡು ಮೂರು ಸಲ ತೆರೆದು ಮುಚ್ಚಿತು.

‘ಬಿಚ್ಚು’ ಎಂದರು.

ಸ್ಪಷ್ಟವಾಗಿ, ಹಳೆಯ ದನಿಯಲ್ಲೇ.

ಕಂಡಕ್ಟರ್ ಕತ್ತರಿ ತೆಗೆದುಕೊಂಡು ಇಡೀ ಸಾಲನ್ನು ಬಿಚ್ಚಿದರು. ಕಣ್ಣೊರೆಸಿಕೊಳ್ಳಲು ಕೈ ಬಿಡುವಿರಲಿಲ್ಲವಾದ್ದರಿಂದ ನೀರು ಕನ್ನಡಕದ ಕೆಳಗಿಂದ ಇಳಿದು ಗಡ್ಡದವರೆಗೆ ಹೋಯಿತು. ‘ನಲವತ್ತು ವರ್ಷ ಇವಳ ಬೈಗುಳ ತಿಂದಿದ್ದೀನಿ. ಅದು ಇಷ್ಟು ರುಚಿ ಅಂತ ಗೊತ್ತಿರ್ಲಿಲ್ಲ’ ಎಂದು ಈಗ ಹೇಳಿಕೊಂಡು ನಗುತ್ತಾರೆ. ಆಮೇಲಿನ ದಿನಗಳಲ್ಲಿ ಇನ್ನಷ್ಟು ಮಾತುಗಳು ಬಂದವು. ‘ಸೊಟ್ಟ.’ ‘ಸಣ್ಣಕ್ಕೆ.’ ಒಮ್ಮೆ, ಬಹಳ ಹೊತ್ತು ನೋಡಿ, ‘ಪರವಾಗಿಲ್ಲ.’

ಸುದ್ದಿ ಹಬ್ಬಲು ತಡವಾಗಲಿಲ್ಲ. ಗಂಟು ವಾಪಸು ಒಯ್ಯಲು ಬಂದ ನರ್ಸಮ್ಮ ಮೇಜಿನ ಹತ್ತಿರ ಕಂಡಕ್ಟರನ್ನು ನೋಡಿ ತಾನೂ ಕುರ್ಚಿ ಎಳೆದುಕೊಂಡಳು. ಅವಳದು ಬಸುರಿಯಾಗಿದ್ದಾಗ ಶುರುಮಾಡಿದ ಕೂಸಿನ ಕೌದಿ. ಆ ಕೂಸು ಈಗ ಶಾಲೆಗೆ ಹೋಗುತ್ತಿದೆ. ‘ಮಗು ಬೆಳೀತು ಅಕ್ಕಾ, ಕೌದಿ ಬೆಳೀಲಿಲ್ಲ’ ಎಂದಳು. ಅಕ್ಕ ನಾಲ್ಕೂ ಕಡೆ ಅಗಲವಾದ ಅಂಚು ಕೊಡಿಸಿ ಕೌದಿಯನ್ನೂ ಬೆಳೆಸಿದರು. ಬಟ್ಟೆಯ ಮೊಲದ ಯಜಮಾನಿ ಬಂದು ಕಿವಿ ಹೊಲಿದಳು. ಒಂದು ಕಿವಿ ಮುಂದಕ್ಕೆ, ಒಂದು ಹಿಂದಕ್ಕೆ ತಿರುಗಿದೆ. ಹಾಗೇ ಚೆನ್ನಾಗಿದೆ ಎಂದು ಎಲ್ಲರೂ ಸೇರಿ ತೀರ್ಮಾನಿಸಿದರು. ಬರಲಾರದವರ ಪರದೆಗಳಿಗೆ ಸಂಜೆ ಹೊತ್ತು ಯಜಮಾನರೇ ಮಷೀನ್ ತುಳಿದರು. ಹಿಟ್ಟು ನಾದಿ ಪಳಗಿದ್ದು ನನ್ನ ಕೈ, ಕಾಲಲ್ಲ ಎಂದು ಗೊಣಗುತ್ತಲೇ ತುಳಿದರು.

ಅಕ್ಕನಿಗೆ ಇದೆಲ್ಲ ಸಲೀಸಾಗಿ ಒಗ್ಗಲಿಲ್ಲ. ಮೊದಮೊದಲು, ಎಲ್ಲರೂ ಹೋದ ಮೇಲೆ ಎಡಗೈಯಲ್ಲಿ ಕತ್ತರಿ ಹಿಡಿದು, ತಮ್ಮ ಕಣ್ಣಿಗೆ ಚುಚ್ಚಿದ ಹೊಲಿಗೆಗಳನ್ನೆಲ್ಲ ಬಿಚ್ಚಬೇಕು ಅನ್ನಿಸುತ್ತಿತ್ತಂತೆ. ಒಮ್ಮೆ ಕತ್ತರಿ ಹಿಡಿದೂ ಆಗಿತ್ತು.

‘ಕಂಡಕ್ಟ್ರು ಹೊಲಿದಿದ್ದು ಎಲ್ಲಿಂದ ಶುರುವಾಗುತ್ತೆ ಅಂತ ಕಣ್ಣು ಕಾಣದೋರೂ ಹೇಳಬಹುದು. ಅಮ್ಮನ ಹೊಲಿಗೆ ಇರುವೆ ಸಾಲಿದ್ದ ಹಾಗೆ, ಇವರದು ಇರುವೆಗೆ ಹೆಂಡ ಕುಡಿಸಿದ ಹಾಗೆ. ಬಿಚ್ಚೋಣ ಅಂತ ಕೂತೆ. ಆದ್ರೆ ಆ ಸಾಲನ್ನ ಅಮ್ಮ ಬೆರಳಿಟ್ಟು ನೋಡಿ ಪರವಾಗಿಲ್ಲ ಅಂದಾಗಿತ್ತು. ಅವರು ಒಪ್ಪಿದ ಮೇಲೆ ಬಿಚ್ಚೋಕೆ ನಾನ್ಯಾರು?’ ಕತ್ತರಿಯನ್ನು ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದರಂತೆ. ‘ಇಷ್ಟು ವರ್ಷ ಕೈ ಬದಲಾದದ್ದು ಕಾಣಬಾರದು ಅಂತಿದ್ದೆ. ಇದರಲ್ಲಿ ಕಾಣುತ್ತೆ. ಕಾಣಲಿ ಬಿಡಿ.’

ಹೊರಗೆ ಬೆಳಕಾಗಿದೆ. ಕಂಡಕ್ಟರ್ ದಂಪತಿ ಕೌದಿ ಒಯ್ಯಲು ಬರುವ ದಿನ ಇವತ್ತು. ಮೊಮ್ಮಗಳು ನಾಳೆ ಬರುತ್ತಾಳೆ. ಬಂದವರೇ ಕಂಡಕ್ಟರ್ ಗುಂಡುಸೂಜಿ ಚುಚ್ಚಿದ ಜಾಗ ನೋಡಿ, ಕೇಳದೆಯೇ ಸೂಜಿಗೆ ದಾರ ಪೋಣಿಸಿ, ಸಡಿಲವಿದ್ದುದನ್ನು ಬಿಗಿ ಮಾಡುತ್ತಾರೆ. ಈಗ ಅವರಿಗೆ ಬೆವರು ಬರುವುದಿಲ್ಲ. ಯಜಮಾನರು ಎಲ್ಲರಿಗೂ ಬ್ರೆಡ್ ಕೊಯ್ದು ಕೊಡುತ್ತಾರೆ, ಮೇಜಿನಿಂದ ಮಾರು ದೂರದಲ್ಲಿ ನಿಂತು. ಕೌದಿಯನ್ನು ಮಡಿಸಿ ಬಿಳಿ ಬಟ್ಟೆಯಲ್ಲಿ ಸುತ್ತಿದ್ದಾಗುತ್ತದೆ.

ಹೊರಡಬೇಕು. ಆದರೆ ಗಾಲಿಕುರ್ಚಿಯಲ್ಲಿರುವ ತಾಯಿ ಕಣ್ಣು ಮುಚ್ಚುತ್ತಾರೆ. ಬೇಡ ಎಂದರ್ಥ. ತೊಡೆಯ ಮೇಲಿದ್ದ ಚೀಲವನ್ನು ಎಡಗೈಯಲ್ಲಿ ಮೇಜಿನ ಕಡೆ ತಳ್ಳುತ್ತಾರೆ. ಅಕ್ಕ ಬಿಚ್ಚಿ ನೋಡಿದರೆ ಖಾಕಿ ಬಟ್ಟೆಯ ಚೌಕಗಳು. ಕಂಡಕ್ಟರ ಹಳೆಯ ಸಮವಸ್ತ್ರ. ನಿನ್ನೆಯಿಡೀ ಗಂಡನನ್ನು ಕೂರಿಸಿಕೊಂಡು ಅವರ ಕೈಯಿಂದಲೇ ಕತ್ತರಿ ಹಾಕಿಸಿದ್ದಾರೆ. ಏತಕ್ಕೆಂದು ಅವರಿಗೂ ಹೇಳಿಲ್ಲ.

‘ಇದು ಯಾರಿಗೆ ಅಮ್ಮಾ?’ ಅಕ್ಕ ಕೇಳುತ್ತಾರೆ.

ಆ ತಾಯಿ ಗಂಡನ ಕಡೆ ಗದ್ದ ತೋರಿಸುತ್ತಾರೆ. ‘ಇವ್ರಿಗೆ.’

‘ಹೊಲಿಯೋದು ಯಾರು?’

‘ಇವ್ರೇ.’

ಯಜಮಾನರಿಗೆ ಬ್ರೆಡ್ ನೆತ್ತಿಗೆ ಹತ್ತುತ್ತದೆ. ಕಂಡಕ್ಟರ್ ಕಕ್ಕಾಬಿಕ್ಕಿಯಾಗಿ ಒಬ್ಬೊಬ್ಬರ ಮುಖ ನೋಡುತ್ತಾರೆ. ಅಕ್ಕ ಮಾತ್ರ ನಗುವುದಿಲ್ಲ. ಖಾಕಿ ಚೌಕಗಳನ್ನು ಎಡಗೈಯಲ್ಲಿ ಒಂದೊಂದಾಗಿ ಮೇಜಿನ ಮೇಲೆ ಹರಡುತ್ತಾರೆ, ಬಣ್ಣ ಮಾಸಿದ್ದು ಒಂದು ಕಡೆ, ಮಾಸದ್ದು ಇನ್ನೊಂದು ಕಡೆ.

‘ಈ ಮೇಜಿಗೆ ಏನಾದ್ರೂ ಶುರುಮಾಡೋಕೆ ಅಂತ ಬಂದೋರು ನೀವೇ ಮೊದಲು ಅಮ್ಮಾ’ ಎನ್ನುತ್ತಾರೆ.

‘ಈ ಕ್ರಿಸ್‌ಮಸ್ಸಿಗಂತೂ ಮುಗಿಯಲ್ಲ ಬಿಡಿ ಅಕ್ಕಾ’ ಎನ್ನುತ್ತಾರೆ ಕಂಡಕ್ಟರ್, ಕುರ್ಚಿ ಎಳೆದುಕೊಳ್ಳುತ್ತ.

‘ಮುಗೀಬೇಕು ಅಂತ ಯಾರು ಹೇಳಿದ್ರು?’ ಎಂದು ಅಕ್ಕ ಎರಡು ಚೌಕಗಳ ಅಂಚು ಕೂಡಿಸಿ ಅವರ ಮುಂದೆ ಹಿಡಿಯುತ್ತಾರೆ.