ಕರಿ ಕಲ್ಲಿನೊಳಗಿನ ಎಳೆಗಳು

ಎಂಬತ್ತರ ದಶಕದಲ್ಲಿ ಕೆಲವು ವರ್ಷ ನಾನು ಪುಣೆಯ ಒಂದು ಸಂಶೋಧನಾ ಕೇಂದ್ರದಲ್ಲಿ ಕಲ್ಲು ತಿಕ್ಕುತ್ತಿದ್ದೆ. ಹಾಗೆಂದರೆ ಈಗಲೂ ನೆಂಟರು ನಗುತ್ತಾರೆ. ಪಳೆಯುಳಿಕೆಯ ಚೂರನ್ನು ಗಾಜಿನ ಪಟ್ಟಿಗೆ ಅಂಟಿಸಿ, ಒರಟು ಪುಡಿ, ನೀರು ಹಾಕಿ, ಬೆಳಕು ಹಾಯುವಷ್ಟು ತೆಳ್ಳಗಾಗುವವರೆಗೆ ಕೈಯಲ್ಲೇ ತಿಕ್ಕುವುದು. ಒಂದು ಚೂರಿಗೆ ಎರಡು ದಿನ ಹಿಡಿಯುತ್ತಿತ್ತು. ಕೊನೆಯ ಗಳಿಗೆಯಲ್ಲಿ ಬೆರಳು ತುಸು ಹೆಚ್ಚು ಒತ್ತಿದರೆ ಕಲ್ಲೇ ಮಾಯ.

ಹಂಗಾಮಿ ಕೆಲಸ. ಆರು ತಿಂಗಳಿಗೊಮ್ಮೆ ವಿಭಾಗದ ಮುಖ್ಯಸ್ಥರಾದ ಸರ್ ಸಹಿ ಹಾಕಿದರೆ ಮುಂದುವರಿಕೆ. ಆ ಮಳೆಗಾಲ ಪಿಂಪ್ರಿಯಲ್ಲಿ ನಮ್ಮ ಯಜಮಾನರು ದುಡಿಯುತ್ತಿದ್ದ ಕಾರ್ಖಾನೆಗೆ ಬೀಗ ಬಿದ್ದಿತ್ತು. ಮನೆ ನಡೆಯಬೇಕಾದದ್ದು ಆ ಒಂದು ಸಹಿಯಿಂದ.

ಆಗಲೇ ಬಂದದ್ದು ಆ ಕರಿ ಕಲ್ಲು. ಹೊರದೇಶದಿಂದ ತರಿಸಿಕೊಂಡ, ಹುಣಸೆ ಬೀಜದಷ್ಟು ದೊಡ್ಡ ಎರಡೇ ಚೂರು. ಪೊಟ್ಟಣದ ಮೇಲೆ 'ಮರದ ಕಾಂಡ' ಎಂದು ಬರೆದಿತ್ತು. ನೆಲದ ಮೇಲೆ ಹುಲ್ಲೂ ಇಲ್ಲದ, ಮೊಣಕಾಲೆತ್ತರದ ಸಸ್ಯವೇ ದೊಡ್ಡದೆನಿಸಿದ್ದ ಕಾಲದ್ದಂತೆ. ಈ ಕಾಂಡಗಳು ಮಾತ್ರ ನಾಲ್ಕು ಆಳೆತ್ತರ. ಎಲೆಯಿಲ್ಲ, ಕೊಂಬೆಯಿಲ್ಲ. ಸುಮ್ಮನೆ ನಿಂತಿದ್ದವು.

ಒಂದು ಚೂರು ತಿಕ್ಕಿ ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಮರವಾದರೆ ಜೇನುಗೂಡಿನಂಥ ಕೋಶಗಳ ಸಾಲು ಕಾಣಬೇಕು. ಕಂಡದ್ದು ಎಳೆಗಳು. ದಪ್ಪ ಎಳೆಗಳ ನಡುವೆ ಸಣ್ಣವು ನುಸುಳಿ, ಹೆಣೆದುಕೊಂಡು, ಎಲ್ಲೆಲ್ಲೂ ಅವೇ.

ಸರ್ ಬಗ್ಗಿ ನೋಡಿದರು. ನನ್ನ ಹಾಗೇ ಧಾರವಾಡದ ಕಡೆಯವರು, ಸಿಟ್ಟು ಬಂದಷ್ಟೂ ಅವರ ಮಾತು ಮೆತ್ತಗಾಗುತ್ತಿತ್ತು.

"ಅಕ್ಕಾರ, ಮಳಿಗಾಲದಾಗ ಲೆನ್ಸಿಗೆ ಬೂಷ್ಟು ಹಿಡೀತದ ಅನ್ನೋದು ಗೊತ್ತಿಲ್ಲೇನ್ರಿ?"

"ಮುಂಜಾನೇನ ಒರಸೀನ್ರಿ ಸರ್."

"ಹಂಗಾದ್ರ ಅಂಟಿನಾಗ ಬೆಳದದ. ಇರೋ ಎರಡು ಚೂರಿನಾಗ ಒಂದು ಹೋತು. ಕಳಿಸಿದವರಿಗೆ ಏನಂತ ಬರೀಲಿ? ನಮ್ಮ ಅಕ್ಕಾರು ಬೂಷ್ಟಿನ ತ್ವಾಟಾ ಮಾಡ್ಯಾರ ಅಂತನ?"

ನನ್ನ ಮುಂದುವರಿಕೆಯ ಕಾಗದ ಅವರ ಮೇಜಿನ ಮೇಲೇ ಇತ್ತು. ಅದನ್ನು ಮಡಚಿ ಡ್ರಾಯರಿನೊಳಗೆ ಇಟ್ಟರು.

ಅವರು ಹೋದ ಮೇಲೆ ಪಕ್ಕದ ಕೋಣೆಯ ಲೆನ್ಸ್ ತಂದು ಹಾಕಿದೆ. ಎಳೆಗಳು ಹಾಗೇ ಇದ್ದವು. ಗಾಜನ್ನು ತಿರುಗಿಸಿದೆ, ಅವೂ ಜೊತೆಗೆ ತಿರುಗಿದವು. ಕಲ್ಲಿನ ಅಂಚಿಗೆ ಸರಿಸಿದೆ. ಅಲ್ಲಿ ಎಲ್ಲ ಎಳೆಗಳೂ ಕತ್ತರಿಸಿದಂತೆ ನಿಂತುಬಿಟ್ಟಿದ್ದವು. ಆಚೆಯ ಅಂಟು ತಿಳಿನೀರಿನ ಹಾಗಿತ್ತು.

ಮರುದಿನ ಮನೆಯಿಂದ ಬೂಷ್ಟು ಹಿಡಿದ ಜೋಳದ ರೊಟ್ಟಿಯ ತುಣುಕು ತಂದೆ. ಸೂಜಿಯಿಂದ ಒಂದಿಷ್ಟು ಎತ್ತಿ ಇನ್ನೊಂದು ಗಾಜಿನ ಮೇಲಿಟ್ಟು ಸರ್ ಅವರನ್ನು ಕರೆದೆ.

"ಇದು ನಮ್ಮ ಮನೀದು ನೋಡ್ರಿ. ಇದು ಕಲ್ಲಿಂದು. ಅಂಟಿನಾಗ ಏನರೆ ಅದ ಏನು, ನೀವ ಹೇಳ್ರಿ."

ಒಂದಾದ ಮೇಲೊಂದು ನೋಡಿದರು. ಮತ್ತೆ ನೋಡಿದರು. ಹೊರಗೆ ಮಳೆ, ಕೋಣೆಯಲ್ಲಿ ಹಗಲೇ ಮಬ್ಬು. ಕೊನೆಗೆ ತಲೆಯೆತ್ತಿದರು.

"ಅಂಟಿನಾಗ ಏನೂ ಇಲ್ಲ. ಇದು ಗಿಡಾ ಅಲ್ಲರಿ, ಅಕ್ಕಾರ."

"ಮತ್ತೇನ್ರಿ?"

ಅವರು ನನ್ನ ರೊಟ್ಟಿಯ ಕಡೆ ಬೆರಳು ತೋರಿಸಿದರು.

"ಇಷ್ಟ ಎತ್ತರದ್ದು?"

"ಬರಿಯೋದು ಬ್ಯಾಡ. ನಗ್ತಾರ."

ಅದು ಬೂಷ್ಟು, ಅಣಬೆಗಳ ಬಳಗದ್ದಿರಬೇಕೆಂದು ಎಷ್ಟೋ ವರ್ಷಗಳ ಮೇಲೆ ಬೇರೆಯವರು ಬರೆದರು. ಅದೂ ಅಲ್ಲ, ಇನ್ನಾವುದೋ ಅಳಿದುಹೋದ ಜೀವ ಎನ್ನುವವರೂ ಇದ್ದಾರೆ. ಆ ದಿನ ಮಾತ್ರ ಸರ್ ಡ್ರಾಯರ್ ತೆಗೆದು ಸಹಿ ಹಾಕಿದರು. ಎರಡನೆಯ ಚೂರನ್ನೂ ನನ್ನ ಕೈಗೇ ಕೊಟ್ಟರು.

ಜೀವ ಹಗುರಾಗಿ ತಿಕ್ಕಲು ಕೂತೆ. ಸ್ವಲ್ಪ ಹೊತ್ತಿಗೆ ಬೆರಳ ಸಂದಿಯಲ್ಲಿ ಕಪ್ಪು ಕೆಸರು ಇಳಿಯಿತು. ಅಲ್ಲಿಯವರೆಗೆ ಎಷ್ಟು ಕಲ್ಲು ತಿಕ್ಕಿದ್ದರೂ ಅದು ಕಲ್ಲೇ. ಇದೊಂದು ಮೈ ಎನಿಸಿತು. ಹಕ್ಕಿಯ ದನಿಯೂ ಇಲ್ಲದ ನೆಲದಲ್ಲಿ ಮಳೆಗೆ ನಿಂತಿದ್ದ ಮೈ. ಮಧ್ಯಾಹ್ನ ಮೂರು ಸಲ ಕೈ ತೊಳೆದರೂ ಊಟದ ಡಬ್ಬಿ ತೆರೆಯಲಾಗಲಿಲ್ಲ.

ಸಂಜೆ ನೋಡಿದರೆ ರೊಟ್ಟಿಯ ಬೂಷ್ಟಿನ ಎಳೆಗಳು ಕೂದಲೆಳೆಯಷ್ಟು ಮುಂದೆ ಸರಿದಿದ್ದವು. ಕಲ್ಲಿನ ಗಾಜನ್ನೂ ತೆಗೆದು ನೋಡಿದೆ. ಸರಿದಿರಲಿಲ್ಲ. ಆ ಕೆಲಸದಲ್ಲಿ ಇದ್ದಷ್ಟು ವರ್ಷ, ಮನೆಗೆ ಹೊರಡುವ ಮುಂಚೆ, ಯಾರೂ ಇಲ್ಲದಾಗ ಕಲ್ಲಿನ ಎಳೆಗಳು ಸರಿದಿವೆಯೇ ಎಂದು ಒಮ್ಮೆ ನೋಡಿಯೇ ಹೊರಡುತ್ತಿದ್ದೆ.