‘ಗೊತ್ತಿಲ್ಲ’ ಎಂದ ಕೋಸು ಮೇಡಂ

ಎಲೆಕೋಸು, ಹೂಕೋಸು, ಮೂಲಂಗಿ, ಸಾಸಿವೆ ಇವೆಲ್ಲ ಒಂದೇ ಕುಟುಂಬದವು. ಇವುಗಳ ಘಾಟು ಮನುಷ್ಯನ ಜೀವಕೋಶಕ್ಕೆ ತಾಗಿದರೆ ಒಳಗೆ ಏನಾಗುತ್ತದೆ ಎಂಬ ಒಂದೇ ಪ್ರಶ್ನೆಯ ಬೆನ್ನು ಹತ್ತಿ, ಪ್ರಶಸ್ತಿಗಾಗಲಿ ಪದವಿಗಾಗಲಿ ದಾರಿ ಬದಲಿಸದೆ, ತಮ್ಮ ಸೇವಾವಧಿಯನ್ನೆಲ್ಲ ಅದಕ್ಕೇ ಮುಡಿಪಿಟ್ಟ ಹಿರಿಯರು ಈ ಅಭಿನಂದನಾ ಸಂಪುಟದ ಗೌರವಕ್ಕೆ ಪಾತ್ರರಾಗಿರುವ ನಮ್ಮ ಮೇಡಂ. ವಿಜ್ಞಾನದಲ್ಲಿ ಅವರ ಸ್ಥಾನವೇನೆಂಬುದನ್ನು ಬಲ್ಲವರು ಬೇರೆ ಪುಟಗಳಲ್ಲಿ ಬರೆದಿದ್ದಾರೆ. ಸಂಸ್ಥೆಯ ಕಾವಲುಗಾರನಿಂದ ನಿರ್ದೇಶಕರವರೆಗೆ ಎಲ್ಲರ ಬಾಯಲ್ಲೂ ಅವರು ಕೋಸು ಮೇಡಂ. ಹೆಸರಿಟ್ಟವನು ಎದುರು ಬೀದಿಯ ತರಕಾರಿಯವನು. ಚೀಲ ತುಂಬ ಕೋಸು ಹೊತ್ತೊಯ್ಯುವ ಈ ಸಣಕಲು ಹೆಂಗಸನ್ನು ಕಂಡು, “ಪಾಪ, ಮನೇಲಿ ಎಷ್ಟು ಹೊಟ್ಟೆಗಳಿವೆಯೋ ಏನೋ!” ಎಂದು ಮರುಗಿ, ಒಂದು ಕಟ್ಟು ಮೂಲಂಗಿಯನ್ನು ಪುಕ್ಕಟೆ ಹಾಕುತ್ತಿದ್ದನಂತೆ. ಅದೂ ಪ್ರಯೋಗಕ್ಕೇ ಹೋಗುತ್ತಿತ್ತು.

ಅವರ ಪ್ರಯೋಗಾಲಯ ಶುರುವಾದದ್ದು ಮೆಟ್ಟಿಲ ಕೆಳಗಿನ ಕಿರುಕೋಣೆಯಲ್ಲಿ. ಒಂದು ಬದಿಗೆ ತರಕಾರಿ ಹೆಚ್ಚುವ ಹಲಗೆ, ಇನ್ನೊಂದು ಬದಿಗೆ ಗಾಜಿನ ತಟ್ಟೆಗಳಲ್ಲಿ ಜೀವಕೋಶಗಳನ್ನು ಮೈಬಿಸಿಯಲ್ಲಿ ಕಾಪಾಡುವ ಪೆಟ್ಟಿಗೆ. ಮೇಡಂ ರಜಾದಿನವೂ ಬಂದು ಆ ಕೋಶಗಳ ಆಹಾರ ಬದಲಿಸಿ, “ಮಕ್ಕಳಿಗೆ ಭಾನುವಾರ ಹಸಿವಾಗಲ್ವಾ?” ಎನ್ನುತ್ತಿದ್ದರು.

ಕೋಸಿನ ಘಾಟು ಕೋಸಿನಲ್ಲಿ ಮೊದಲೇ ಇರುವುದಿಲ್ಲ. ಎಲೆಯೊಳಗೆ ಬೇರೆ ಬೇರೆ ಗೂಡುಗಳಲ್ಲಿರುವ ಎರಡು ವಸ್ತುಗಳು, ಹೆಚ್ಚಿದಾಗ ಇಲ್ಲವೇ ಅಗಿದಾಗ ಒಂದನ್ನೊಂದು ಸಂಧಿಸಿ, ಅದನ್ನು ಹುಟ್ಟಿಸುತ್ತವೆ. ಇದನ್ನು ಮರೆತ ಶಿಷ್ಯನೊಬ್ಬ ಇಡೀ ಎಲೆಗಳನ್ನು ಮೊದಲೇ ಕುದಿಸಿ, ಫಲಿತಾಂಶ ಬಾರದೆ, ಸಂಶೋಧನೆಗೇ ಕೈಮುಗಿದು ಹೊರಟಿದ್ದ. ಮೇಡಂ ಅವನ ಪಾತ್ರೆಯನ್ನು ಮೂಸಿ ನೋಡಿ ಬಿದ್ದು ಬಿದ್ದು ನಕ್ಕರು. “ಅಯ್ಯೋ ಪುಣ್ಯಾತ್ಮ, ಇಬ್ಬರೂ ಭೇಟಿಯಾಗೋ ಮುಂಚೆನೇ ಒಬ್ಬರನ್ನ ಬೇಯಿಸಿಬಿಟ್ಟಿದ್ದೀಯಲ್ಲೋ! ಮೊದಲು ಹೆಚ್ಚು, ಆಮೇಲೆ ಸ್ವಲ್ಪ ಹೊತ್ತು ಕಾಯಿ.” ಇಂದು ಪ್ರಾಧ್ಯಾಪಕನಾಗಿರುವ ಅವನು ತನ್ನ ಶಿಷ್ಯರಿಗೂ ಅದನ್ನೇ ಹೇಳುತ್ತಾನೆ.

ತುಸು ಘಾಟು ತಾಗಿದರೆ ಕೋಶ ಬೆದರಿ, ತನ್ನನ್ನು ಕಾಯುವ ಕಿಣ್ವಗಳನ್ನು ಎಚ್ಚರಿಸಿಕೊಳ್ಳುತ್ತದೆ. ಘಾಟು ಹೆಚ್ಚಿದರೆ, ತಟ್ಟೆಯಲ್ಲಿರುವ ರೋಗದ ಕೋಶಗಳು ಸಾಯತೊಡಗುತ್ತವೆ. ಮೇಡಂ ಬರೆದದ್ದು ಇಷ್ಟೇ. ಪತ್ರಿಕೆಯೊಂದು ‘ಕ್ಯಾನ್ಸರಿಗೆ ಕೋಸೇ ಮದ್ದು!’ ಎಂದು ದಪ್ಪಕ್ಷರದಲ್ಲಿ ಸಾರಿ, ಅವರ ಫೋಟೊ ಹಾಕಿತು. ಮೇಡಂ ಜಗಳವಾಡಿ ಹಾಕಿಸಿದ ತಿದ್ದುಪಡಿ ಒಳಪುಟದ ಮೂಲೆಯಲ್ಲಿ ಬಂತು, ಓದಿದವರಾರು?

ಆ ತಲೆಬರಹದ ಸಮೇತ ಫೋಟೊವನ್ನು ಕತ್ತರಿಸಿ ಹೊಲಿಗೆ ಯಂತ್ರದ ಮೇಲಿನ ಗೋಡೆಗೆ ಅಂಟಿಸಿಕೊಂಡವರು ಅವರ ಅಕ್ಕ. ಹೆತ್ತವರು ಬೇಗ ತೀರಿಕೊಂಡಾಗ ತಾನು ಶಾಲೆ ಬಿಟ್ಟು ಯಂತ್ರದ ಮುಂದೆ ಕುಳಿತು, ಊರವರ ಬಟ್ಟೆ ಹೊಲಿದು ತಂಗಿಯನ್ನು ಓದಿಸಿದ ಜೀವ ಅದು. ಆ ಅಕ್ಕನ ಎದೆಯಲ್ಲಿ ಗಡ್ಡೆ ಕಾಣಿಸಿಕೊಂಡಿತು. ಚಿಕಿತ್ಸೆ ಪೂರ್ತಿ ಮಾಡಿದರೆ ಉಳಿಯುತ್ತಾರೆಂದು ವೈದ್ಯರು ಭರವಸೆ ಕೊಟ್ಟಿದ್ದರು. ಆದರೆ ಆಕೆ ಅರ್ಧಕ್ಕೇ ಬರುವುದನ್ನು ನಿಲ್ಲಿಸಿದ್ದಾರೆಂದು ಆಸ್ಪತ್ರೆಯಿಂದ ಮೇಡಂಗೆ ಫೋನು ಬಂತು. ಓಡಿಹೋಗಿ ನೋಡಿದರೆ, ಅಕ್ಕ ದೊಡ್ಡ ಲೋಟದಲ್ಲಿ ಹಸಿ ಕೋಸಿನ ರಸ ಕುಡಿಯುತ್ತ ಕುಳಿತಿದ್ದಾರೆ!

“ವಾಂತಿ ಮಾಡ್ಕೊಂಡು ಸಾಯೋದಕ್ಕಿಂತ ನೀನು ಕಂಡುಹಿಡಿದದ್ದನ್ನ ಕುಡಿದು ಬದುಕ್ತೀನಿ ಕಣೇ. ಹಿತ್ತಲ ಗಿಡ ಮದ್ದಲ್ಲ ಅಂತಾರೆ ಜನ. ನನ್ನ ಹಿತ್ತಲಲ್ಲಿ ಬೆಳೆದದ್ದು ನೀನು. ನಂಗೆ ನೀನೇ ಮದ್ದು.”

ಮೇಡಂ ಗೋಗರೆದರು, ಗದರಿದರು. ಅಕ್ಕ ಜಪ್ಪಯ್ಯ ಅನ್ನಲಿಲ್ಲ. ಅಕ್ಕನ ಜೀವ ಉಳಿಯಬೇಕಾದರೆ, ಅಷ್ಟು ವರ್ಷ ಆಕೆಯನ್ನು ಬದುಕಿಸಿದ್ದ, ತಂಗಿಯ ಬಗೆಗಿನ ಹೆಮ್ಮೆಯನ್ನು ತಾನೇ ಮುರಿಯಬೇಕು. ಅದು ತಿಳಿದೇ ಮರುದಿನ ಅವರು ಅಕ್ಕನನ್ನು ಕೈಹಿಡಿದು ಪ್ರಯೋಗಾಲಯಕ್ಕೆ ಕರೆತಂದರು. ಎರಡು ತಟ್ಟೆಗಳಿಗೆ ಘಾಟಿನ ಸತ್ವವನ್ನು ಒಂದೇ ಅಳತೆಯಲ್ಲಿ ಹಾಕಿಟ್ಟಿದ್ದರು.

ಸೂಜಿಗೆ ದಾರ ಪೋಣಿಸಿ ಪಳಗಿದ ಕಣ್ಣು ಸೂಕ್ಷ್ಮದರ್ಶಕಕ್ಕೆ ಬೇಗ ಹೊಂದಿಕೊಂಡಿತು. ಮೊದಲ ತಟ್ಟೆಯಲ್ಲಿದ್ದವು ರೋಗದ ಕೋಶಗಳು. ಸತ್ತವು ಮುದುಡಿ ತೇಲುತ್ತವೆಂದು ಮೇಡಂ ಹೇಳಿಕೊಟ್ಟರು. “ಎಲ್ಲ ಸತ್ತಿವೆ ನೋಡೇ! ನಾನು ಹೇಳಲಿಲ್ವಾ?” ಎಂದು ಅಕ್ಕ ಹಿಗ್ಗಿದರು. ಆಮೇಲೆ ಎರಡನೆಯದಕ್ಕೆ ಕಣ್ಣಿಟ್ಟರು. “ಇವೂ ಸತ್ತಿವೆಯಲ್ಲೇ. ಇವು ಯಾವ ರೋಗದವು?”

“ಅವು ಆರೋಗ್ಯವಾಗೇ ಇದ್ದವು ಅಕ್ಕಾ. ಅಷ್ಟು ಸುರಿದ್ರೆ ಯಾವುದೂ ಉಳಿಯಲ್ಲ.”

“ಹಾಗಾದ್ರೆ ಮನುಷ್ಯರು ಎಷ್ಟು ಕುಡೀಬೇಕು? ಹೇಳು, ಅಷ್ಟೇ ಕುಡೀತೀನಿ.”

“ಗೊತ್ತಿಲ್ಲ.”

“ನನ್ನ ಗಡ್ಡೆ ಕರಗುತ್ತೋ ಇಲ್ವೋ, ಅದನ್ನಾದ್ರೂ ಹೇಳು.”

“ಗೊತ್ತಿಲ್ಲ ಅಕ್ಕಾ. ಆಸ್ಪತ್ರೆಯವರಿಗೆ ಅವರ ಔಷಧಿ ಗೊತ್ತು. ನಂಗೆ ಗೊತ್ತಿರೋದು ಬರೀ ಈ ತಟ್ಟೆ. ನೀನು ಹೋದ್ರೆ ನಂಗ್ಯಾರಿದ್ದಾರೆ?” ಎಂದರು ಮೇಡಂ. ಶಿಷ್ಯರ ಎದುರಿಗೇ, ಚಿಕ್ಕ ಹುಡುಗಿಯಂತೆ ಬಿಕ್ಕಿ ಬಿಕ್ಕಿ ಅತ್ತರು.

“ಬೆನ್ನು ಬಾಗೋವರೆಗೂ ಹೊಲಿದು ಓದಿಸಿದ್ದು ನಿನ್ನ ಬಾಯಲ್ಲಿ ‘ಗೊತ್ತಿಲ್ಲ’ ಅನ್ನಿಸೋಕಾ?” ಎಂದು ಅಕ್ಕ ಸಿಡುಕಿದರು. ಆಮೇಲೆ ಅಂಗೈಯಿಂದ ತಂಗಿಯ ಕೆನ್ನೆ ಒರೆಸಿದರು. “ಅಳಬೇಡ. ನಾಳೆ ಆಸ್ಪತ್ರೆಗೆ ನೀನೂ ಬಾ. ಚುಚ್ಚೋವಾಗ ಕೈ ಹಿಡ್ಕೋ, ನಂಗೆ ಸೂಜಿ ಅಂದ್ರೆ ಭಯ.” ಜೀವಮಾನವೆಲ್ಲ ಸೂಜಿ ಹಿಡಿದವರ ಮಾತಿದು! ಅಳುತ್ತಿದ್ದವರೂ ನಕ್ಕರು. ಚಿಕಿತ್ಸೆ ಮುಗಿಯುವವರೆಗೆ ಮೇಡಂ ಒಮ್ಮೆಯೂ ಆ ಕೈ ಬಿಡಲಿಲ್ಲ. ಗೋಡೆಯ ಮೇಲಿನ ತಲೆಬರಹವನ್ನು ಅಕ್ಕನೇ ಕತ್ತರಿಯಿಂದ ಕತ್ತರಿಸಿ ತೆಗೆದು, ಫೋಟೊ ಮಾತ್ರ ಉಳಿಸಿಕೊಂಡರು.

ಮೊನ್ನೆ ಬೀಳ್ಕೊಡುಗೆ ಸಮಾರಂಭದಲ್ಲಿ ಮುಖ್ಯ ಅತಿಥಿಗಳು ಮಾತಿನ ಭರದಲ್ಲಿ, “ಕೋಸಿನಿಂದ ಕ್ಯಾನ್ಸರ್ ಗುಣಪಡಿಸಿದ ಮಹಾತಾಯಿ” ಎಂದುಬಿಟ್ಟರು. ಚಪ್ಪಾಳೆಯೋ ಚಪ್ಪಾಳೆ. ತಲೆತಗ್ಗಿಸಿದ್ದ ಮೇಡಂ ಎದ್ದು ತಿದ್ದುವ ಮೊದಲೇ, ಮುಂದಿನ ಸಾಲಿನಲ್ಲಿದ್ದ ಅಕ್ಕ ಊರುಗೋಲು ಹಿಡಿದು ಎದ್ದು ನಿಂತರು. ಸಭೆಗೆಲ್ಲ ಕೇಳುವಂತೆ, ಹೆಮ್ಮೆಯಿಂದ ಮುಖವರಳಿಸಿ, “ಇಲ್ಲ ಸ್ವಾಮಿ! ನನ್ನ ತಂಗಿಗೆ ಅದು ಗೊತ್ತಿಲ್ಲ! ಗೊತ್ತಿಲ್ಲ ಅಂತ ಅವಳು ಹೇಳಿದ್ದಕ್ಕೇ ನಾನಿವತ್ತು ಇಲ್ಲಿ ನಿಂತಿದ್ದೀನಿ!” ಎಂದರು.

ನಿವೃತ್ತಿಯ ಮರುದಿನವೂ ಮೇಡಂ ಕೋಸಿನ ಚೀಲ ಹಿಡಿದು ಮೆಟ್ಟಿಲ ಕೆಳಗಿನ ಅದೇ ಕೋಣೆಗೆ ಬಂದಿದ್ದಾರೆ. ಮನುಷ್ಯರಿಗೆ ಎಷ್ಟು ಬೇಕು ಎಂಬ ಅಕ್ಕನ ಪ್ರಶ್ನೆಗೆ ಉತ್ತರ ಇನ್ನೂ ಬಾಕಿಯಿದೆ. ಅದನ್ನು ಹುಡುಕುವಷ್ಟು ಆಯುಷ್ಯವೂ ಕಣ್ಣಿನ ಬೆಳಕೂ ಅವರಿಗಿರಲಿ. ಉತ್ತರ ಸಿಕ್ಕ ದಿನ, ಅದನ್ನು ಎಲ್ಲರಿಗಿಂತ ಮೊದಲು ಕೇಳಿಸಿಕೊಳ್ಳಲು ಅಕ್ಕನೂ ಮುಂದಿನ ಸಾಲಿನಲ್ಲಿರಲಿ.