ಭೀಮರಾಯರು ಕಲಿತ ಅರಬ್ಬಿ

ಒಮಾನಿನ ರುಸೈಲಿನಲ್ಲಿರುವ ನಮ್ಮ ಪೈಪ್ ಕಾರ್ಖಾನೆಯಲ್ಲಿ ಭೀಮರಾಯರು ಮೇಂಟೆನೆನ್ಸ್ ಸೂಪರ್‌ವೈಸರ್, ನಾನು ಸ್ಟೋರ್ ಕೀಪರ್. ಮಗಳು ಉಜ್ವಲಾ ಇಲ್ಲೇ ಹನ್ನೆರಡನೇ ಕ್ಲಾಸು ಮುಗಿಸುವವರೆಗಾದರೂ ನೌಕರಿ ಉಳಿಯಲಿ ಎಂದು ಅವರು ಶುಕ್ರವಾರದ ರಜೆಯ ನಿದ್ದೆ ಬಿಟ್ಟು ಅರಬ್ಬಿ ಕ್ಲಾಸಿಗೆ ಸೇರಿದರು. ಇಷ್ಟು ವರ್ಷಗಳಲ್ಲಿ ನಾನು ಕಲಿತಿದ್ದು ‘ನಡಿ’ ಅನ್ನಲು ‘ಯಲ್ಲಾ’, ‘ಮುಗೀತು’ ಅನ್ನಲು ‘ಖಲಾಸ್’ ಅಷ್ಟೆ.

“ನೀವೂ ಬರ್ರಿ ಶೆಟ್ರ, ಮನುಷ್ಯಾ ಬೆಳೀಬೇಕು.”

“ಹೊಟ್ಟೆ ಬೆಳೀತಾ ಉಂಟಲ್ಲ ಮಾರಾಯ್ರೆ, ಸಾಕು.”

ಅವರು ನಿಜಕ್ಕೂ ಬೆಳೆದರು. ಒಮಾನಿ ಮಾಲೀಕರ ಪಕ್ಕದಲ್ಲೇ ಕುರ್ಚಿ, ಖರ್ಜೂರ, ಅರಬ್ಬಿ ಕಾಫಿ ‘ಕಾವಾ’. ಹೊಸದಾಗಿ ಸೇರಿದ ಒಮಾನಿ ಇಂಜಿನಿಯರ್ ಸಾಲಿಂಗೆ ಯಂತ್ರಗಳ ಒಳಹೊರಗನ್ನೆಲ್ಲ ಅರಬ್ಬಿಯಲ್ಲೇ ಕಲಿಸುವ ಹೊಣೆ ಬೇರೆ. ಮನೆಯಲ್ಲೂ ನೆಮ್ಮದಿ; ಬಡ್ತಿ ಸಿಕ್ಕೇ ಸಿಗುತ್ತದೆಂದು ಹೆಂಡತಿ ಉಮಾಶ್ರೀ ಹೋಳಿಗೆ ಹಂಚಿದರು.

ಮೊನ್ನೆ ಮಾಲೀಕರು ಎಲ್ಲರನ್ನೂ ಕರೆಸಿದರು. ಕೆಲವು ಹುದ್ದೆಗಳು ಇನ್ನು ಸ್ಥಳೀಯರಿಗೆ, ಅಲ್ಲಿರುವವರು ಊರಿಗೆ. ಮಾಲೀಕರು ಅರಬ್ಬಿಯಲ್ಲಿ ಒಂದೊಂದೇ ಹೆಸರು ಹೇಳುವುದು, ಭೀಮರಾಯರು ಅದನ್ನು ಹಿಂದಿಯಲ್ಲಿ ನಮಗೆ ತಿಳಿಸುವುದು. ಕೊನೆಯ ಹೆಸರಿಗೆ ಅವರು ಅಂಗಿಯ ಕಾಲರ್ ಸರಿಮಾಡಿಕೊಂಡರು. ಆಮೇಲೆ ಸ್ಪಷ್ಟವಾಗಿ ಹೇಳಿದರು: “ಮೇಂಟೆನೆನ್ಸ್, ಭೀಮರಾಯ.” ಆ ಜಾಗಕ್ಕೆ ಸಾಲಿಂ.

ಮಾಲೀಕರು ಅವರ ಬೆನ್ನು ತಟ್ಟಿ, ನಗುತ್ತಾ ಇನ್ನೇನೋ ಅಂದರು.

“ಏನಂತೆ?” ಎಂದೆ ಮೆಲ್ಲಗೆ.

“ಸಾಲಿಂಗ ಬಾಳ ಚಲೋ ಕಲಿಸಿದಿ, ನಿನ್ನ ಅರಬ್ಬಿನೂ ಚಂದ ಆಗೇದ ಅಂತಾರ್ರಿ.”

ನಾನು ಉಳಿದುಕೊಂಡೆ. ನನ್ನ ಸ್ಟೋರಿನಲ್ಲಿ ಯಾವ ಬೋಲ್ಟ್ ಎಲ್ಲಿದೆಯೆಂದು ಇನ್ನೊಬ್ಬರಿಗೆ ಕಲಿಸಲು ಮೊದಲು ನನಗೆ ಗೊತ್ತಿರಬೇಕಲ್ಲ.